ಅಪ್‌ಡೇಟ್: ನೀವು ಹೇಳಿದ ‘ದಿ ಕ್ರೂಯಲ್ ಪ್ರಿನ್ಸ್’ ಓದಿ ಮುಗಿಸಿದೆ

ಅರಮನೆಯ ಒಳಸಂಚು ಜಾಸ್ತಿ, ಪ್ರೀತಿ ಹದವಾಗಿ ಇರುವ ಫ್ಯಾಂಟಸಿ ಕಾದಂಬರಿ ಯಾವುದಿದೆ ಎಂದು ಹೋದ ತಿಂಗಳು ಕೇಳಿದ್ದೆ. ತುಂಬಾ ಜನ ಹೇಳಿದ್ದು ಹಾಲಿ ಬ್ಲ್ಯಾಕ್ ಅವರ 2018ರ ಈ ಪುಸ್ತಕ. ನಾಲ್ಕೇ ರಾತ್ರಿಗೆ ಮುಗಿಯಿತು!

ಜೂಡ್ ಮನುಷ್ಯರ ಹುಡುಗಿ. ಅವಳ ಅಪ್ಪ ಅಮ್ಮನನ್ನು ಕಣ್ಣೆದುರೇ ಕೊಂದ, ಫೇರಿಗಳ ಮಾಯಾಲೋಕದ ಸೇನಾಪತಿ ಮ್ಯಾಡಾಕ್‌ನ ಮನೆಯಲ್ಲೇ ಬೆಳೆಯುತ್ತಾಳೆ. ಅವನ ಮೇಲೆ ಸಿಟ್ಟೂ ಇದೆ, ಮಗಳ ಪ್ರೀತಿಯೂ ಇದೆ. ರಾಜಕುಮಾರ ಕಾರ್ಡನ್ ಜೊತೆಗಿನ ಪ್ರೇಮಕ್ಕಿಂತ ನನ್ನನ್ನು ಕಾಡಿದ್ದು ಇದೇ.

ಆ ಮಾಯಾಲೋಕದವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಜೂಡ್‌ಗೆ ಬರುತ್ತದೆ. ಗೂಢಚಾರಿಕೆಗೆ ಅವಳು ಬೇಕಾಗುವುದೇ ಅದಕ್ಕೆ. ಯಾರಾದರೂ ವಿಷ ಹಾಕಿಯಾರು ಎಂದು ತಾನೇ ಚೂರು ಚೂರು ವಿಷ ತಿಂದು ಮೈಗೆ ರೂಢಿ ಮಾಡಿಕೊಳ್ಳುತ್ತಾಳೆ. ಸಂಕಟವಾದರೂ ಬಿಡುವುದಿಲ್ಲ. ಚಾಣಕ್ಯ ಚಂದ್ರಗುಪ್ತನ ಊಟಕ್ಕೆ ಹೀಗೇ ವಿಷ ಬೆರೆಸುತ್ತಿದ್ದ ಎಂಬ ಜೈನ ಕಥೆ ಇದೆ ಅಲ್ವಾ, ಅದು ನೆನಪಾಯಿತು.

ಕಾರ್ಡನ್ ಮೊದಲು ಕೊಡುವ ಕಾಟ ಮಾತ್ರ ನನಗೆ ಸಹಿಸಲಾಗಲಿಲ್ಲ. ಅವನನ್ನು ಇಷ್ಟಪಡಲು ಅರ್ಧ ಪುಸ್ತಕಕ್ಕಿಂತ ಜಾಸ್ತಿ ಬೇಕಾಯಿತು.

ಈಗ ಎರಡನೆಯದು, ‘ದಿ ವಿಕೆಡ್ ಕಿಂಗ್’ ಶುರು ಮಾಡಿದ್ದೇನೆ. ದಯವಿಟ್ಟು ಮುಂದಿನ ಕಥೆ ಹೇಳಬೇಡಿ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.