ಯರಿ ಮಣ್ಣಿನ ಖಾಲಿ ಸೈಟಿನ್ಯಾಗ ಕಾಯಿಪಲ್ಲೆ: ಎಲ್ಲಿಂದ ಶುರು ಮಾಡ್ಲಿ?

ನವನಗರ_ಹೊಸಬ
ನಮಸ್ಕಾರ್ರಿ. ಮನಿ ಮಗ್ಗಲದ 20×30 ಅಡಿ ಸೈಟು ಖಾಲಿ ಐತಿ. ಎರಡ ವರ್ಷ ಕಾಯಿಪಲ್ಲೆ ಬೆಳಕೋರಿ ಅಂತ ಮಾಲಕರು ಅಂದಾರ. ಯರಿ ಮಣ್ಣು, ಒಂದ ಮೂಲ್ಯಾಗ ಜಲ್ಲಿ-ಸಿಮೆಂಟು ಬಿದ್ದೈತಿ. ನಳ ವಾರಕ್ಕೊಮ್ಮೆ, ಬೋರ್ ಇಲ್ಲ. ಮೆಂತೆ, ಕೊತ್ತಂಬರಿ, ಟೊಮ್ಯಾಟೊ, ಬೆಂಡಿ, ಮೆಣಸಿನಕಾಯಿ ಹಾಕಬೇಕಂತ ಆಸೆ. ಈಗ ಅಕ್ಟೋಬರ್. ಮಣ್ಣು ಹಗುರಾಗಲಿ ಅಂತ ಒಂದ ಟ್ರಾಲಿ ಉಸುಕು ಹಾಕಿಸಿದ್ರ ನಡೀತೈತೇನ್ರಿ?

ಹಿತ್ತಲ_ಧಾರವಾಡ
ಉಸುಕು ಬ್ಯಾಡ್ರಿ. ಸ್ವಲ್ಪ ಉಸುಕು ಕೂಡಿಸಿದ್ರ ಯರಿ ಮಣ್ಣು ಒಣಗಿದಾಗ ಇನ್ನೂ ಬಿರುಸಾಗತದ. ಆ ರೊಕ್ಕಕ್ಕ ಕಳಿತ ತಿಪ್ಪಿಗೊಬ್ಬರ ತರ್ರಿ. ಸಗಣಿ ವಾಸನಿ ಹೊಡಿಯೂ ಗೊಬ್ಬರ ಮಾತ್ರ ತರಬ್ಯಾಡ್ರಿ, ಗೊಣ್ಣೆಹುಳ ಅದರ ಜೋಡಿನ ಬರತಾವ.

ಬೀಜಕ್ಕಿಂತ ಮೊದಲ ನೀರಿನ ಲೆಕ್ಕ ಹಾಕ್ರಿ. ಚಳಿಗಾಲದಾಗ ಒಂದ ಚದರ ಮೀಟರಿಗೆ ದಿನಕ್ಕ ಸುಮಾರು 4 ಲೀಟರ್. 1 ಮೀಟರ್ ಅಗಲ, 3 ಮೀಟರ್ ಉದ್ದದ ಮಡಿಗೆ 12 ಲೀಟರ್. ನಾಕ ಮಡಿಗೆ ವಾರಕ್ಕ 336. ಅಂದ್ರ 200 ಲೀಟರಿನ ಎರಡ ಬ್ಯಾರಲ್ ತುಂಬಿಟ್ರ ನಾಕ ಮಡಿ ಆರಾಮ ನಡೀತಾವ. ಈ ವರ್ಷ ಅಷ್ಟಕ್ಕ ನಿಲ್ಲರಿ. ಬಟ್ಟಿ ಒಗೆದ ನೀರು ಹಾಕಬ್ಯಾಡ್ರಿ: ಸೋಪಿನ ಪುಡಿಯ ಸೋಡಿಯಂನಿಂದ ಯರಿ ಮಣ್ಣು ಬಿಗಿದು, ನೀರು ಇಳಿಯೂದ ನಿಲ್ಲತದ. ಅಕ್ಕಿ, ಪಲ್ಯಾ ತೊಳೆದ ನೀರು ಚಲೋ.

ಅಗಿಯೂ ಮುಂದ ಹದ ನೋಡ್ರಿ. ಗೇಣು ಆಳದ ಮಣ್ಣು ಮುಟಗಿಯೊಳಗ ಒತ್ತಿ, ಟೊಂಕದೆತ್ತರದಿಂದ ಕೆಳಗ ಬಿಡ್ರಿ. ಒಡದು ಪುಡಿ ಆದ್ರ ಹದ ಬಂದದ. ಮುದ್ದಿಯಾಗೇ ಕುಂತ್ರ ಎರಡ ದಿನ ತಡೀರಿ. ಹಸಿ ಇದ್ದಾಗ ಅಗದು ತುಳದ್ರ ಹೆಂಟಿ ಆಗತದ, ಆ ಹೆಂಟಿ ಮುಂದ ಗುದ್ದಲಿಗೂ ಜಗ್ಗೂದಿಲ್ಲ. ಮಡಿ ನೆಲಕ್ಕಿಂತ 15–20 ಸೆಂ.ಮೀ. ಎತ್ತರ ಇರಲಿ, ಇಲ್ಲಂದ್ರ ಒಂದ ಜೋರು ಮಳಿಗೆ ಬೇರು ಕೊಳೀತಾವ. ಮಡಿಗೆ 10–12 ಕಿಲೊ ಗೊಬ್ಬರ, 300 ಗ್ರಾಂ ಬೇವಿನ ಹಿಂಡಿ.

ಗದಗ_ಪಲ್ಯಾ
ಎರಡ ಮಡಿ ತಪ್ಪಲಪಲ್ಯಾಕ್ಕ ಇಡ್ರಿ, ತಿಂಗಳೊಪ್ಪತ್ತಿನ್ಯಾಗ ಕೈಗೆ ಬರತಾವ. ಮೆಂತೆ ಮಡಿಗೆ 15–20 ಗ್ರಾಂ. ಕೊತ್ತಂಬರಿ ಕಾಳು ನೆಲಕ್ಕ ತಿಕ್ಕಿ ಎರಡ ಹೋಳು ಮಾಡಿ, ರಾತ್ರಿ ನೆನಸಿ ಹಾಕ್ರಿ. ಹುಟ್ಟಾಕ 8–12 ದಿನ ಹಿಡೀತೈತಿ, ಗಾಬರಿಯಾಗಿ ಕೆದರಬ್ಯಾಡ್ರಿ. ರಾಜಗಿರಿ ಬೀಜ ಭಾಳ ಸಣ್ಣದು, ಹತ್ತ ಪಟ್ಟು ಉಸುಕಿನಾಗ ಕಲಸಿ ಉಗ್ಗರಿ. ಬೀಜದ ಮ್ಯಾಲೆ ಯರಿ ಮಣ್ಣು ಮುಚ್ಚಿದ್ರ ನೀರು ಬಿದ್ದ ಮ್ಯಾಲೆ ಹೆಪ್ಪುಗಟ್ಟಿ ಮೊಳಕಿ ಏಳೂದಿಲ್ಲ. ಜರಡಿ ಹಿಡಿದ ಗೊಬ್ಬರಾನ ತೆಳ್ಳಗ ಉದುರಿಸಿ ಮುಚ್ಚರಿ.

ಬೆಂಡಿ ಫೆಬ್ರುವರಿಗೆ ಇಡ್ರಿ, ಚಳಿಯೊಳಗ ಸರಿ ಹುಟ್ಟೂದಿಲ್ಲ.

ಹಾವೇರಿ_ಸಸಿಮಡಿ
ಟೊಮ್ಯಾಟೊ ಅಗಿ (ಸಸಿ) 25 ದಿನದ್ದು, ಮೆಣಸಿನಕಾಯಿದು 40 ದಿನದ್ದು ತರ್ರಿ. ಹೂವಾದ ಅಗಿ ಬ್ಯಾಡ. ಸಂಜಿಮುಂದ ಹಚ್ಚರಿ. ಸಾಲಿನ ನಡುವ 60, ಗಿಡದಿಂದ ಗಿಡಕ್ಕ 45 ಸೆಂ.ಮೀ.; ಮಡಿಗೆ 12 ಗಿಡ. ಟೊಮ್ಯಾಟೊದಾಗ ಅರ್ಕಾ ರಕ್ಷಕ್ ಸಿಕ್ರ ಅದನ್ನ ಹಚ್ಚರಿ: ಎಲಿಮುರುಟು, ದುಂಡಾಣು ಬಾಡು, ಮುಂಚಿನ ಅಂಗಮಾರಿ ಮೂರೂ ರೋಗ ತಡಕೊಳ್ಳೂ ಹೈಬ್ರಿಡ್. ಅದರ ಬೀಜ ತಗದಿಟ್ಟು ಮತ್ತ ಬಿತ್ತಬ್ಯಾಡ್ರಿ. ಬ್ಯಾಡಗಿ ಒಣಗಿಸೂ ಕಾಯಿ; ಹಸಿಮೆಣಸಿನಕಾಯಿಗೆ ಪೂಸಾ ಜ್ವಾಲಾ ಚಲೋ.

ನಳ ಬಂದ ದಿನ ಹರಿಸಿ, ಆಮ್ಯಾಲೆ ಆರ ದಿನ ಒಣಗಿಸಿದ್ರ ಟೊಮ್ಯಾಟೊ ಕಾಯಿಯ ಕೆಳಗಿನ ತುದಿ ಕರ್ರಗ ಕೊಳೀತೈತಿ. ಅದು ರೋಗ ಅಲ್ಲ, ನೀರು ಏರುಪೇರಾಗಿ ಕಾಯಿಗೆ ಕ್ಯಾಲ್ಸಿಯಂ ಮುಟ್ಟಿರೂದಿಲ್ಲ. ಬ್ಯಾರಲ್ ನೀರು ಎರಡ ದಿನಕ್ಕೊಮ್ಮೆ ಹಾಕ್ರಿ, ಗಿಡದ ಬುಡಕ್ಕ ಎರಡ ಇಂಚು ಜೋಳದ ಕಣಕಿ ಇಲ್ಲಾ ಶೇಂಗಾ ಹೊಟ್ಟು ಹರವ್ರಿ. ಮಣ್ಣು ಬಿರಿದು ಬೇರು ಹರಿಯೂದೂ ತಪ್ಪತೈತಿ.

ಮೆಣಸಿನ ಎಲಿ ಮ್ಯಾಲಕ್ಕ ಮುದುಡಿದ್ರ ಥ್ರಿಪ್ಸ್ (ರಸ ಹೀರೂ ಸಣ್ಣ ಹುಳ), ಕೆಳಕ್ಕ ಮುದುಡಿದ್ರ ನುಸಿ. ಕುಡಿ ಹಿಡದು ಬಿಳಿ ಹಾಳಿ ಮ್ಯಾಲೆ ಝಾಡಿಸ್ರಿ. ಥ್ರಿಪ್ಸ್ ಇದ್ರ ತೆಳ್ಳನ ಹಳದಿ ಹುಳ ಹರಿದಾಡತಾವ. ಅದಕ್ಕ ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣಿ, ಸ್ವಲ್ಪ ಸೋಪು, ಸಂಜಿಗೆ ಎಲಿ ಕೆಳಗ ಹೊಡೀರಿ. ನುಸಿಗೆ ನೀರಿನ್ಯಾಗ ಕರಗೂ ಗಂಧಕ ಲೀಟರಿಗೆ 2–3 ಗ್ರಾಂ. ಎಣ್ಣಿ ಹೊಡದ ಹದಿನೈದ ದಿನದೊಳಗ ಗಂಧಕ ಹೊಡೀಬ್ಯಾಡ್ರಿ, ಎಲಿ ಸುಡತಾವ.

ನವನಗರ_ಹೊಸಬ
ಭಾಳ ಉಪಕಾರ ಆತ್ರಿ. ಸಿಮೆಂಟ್ ಬಿದ್ದ ಮೂಲಿಗೆ ಏನ್ ಮಾಡ್ಲಿ?

ಹಿತ್ತಲ_ಧಾರವಾಡ
ಅಲ್ಲಿ ಒಂದ ಅಡಿ ಮಣ್ಣು ತಗದು ಹೊರಗ ಹಾಕ್ರಿ. ಬ್ಯಾರಲ್ ಇಡಾಕ ಅದ ಜಾಗ ಚಲೋ. ಯರಿ ಮಣ್ಣು ಮೊದಲ ಕ್ಷಾರ, ಸಿಮೆಂಟಿನ ಸುಣ್ಣ ಕೂಡಿದ್ರ ಗಿಡಕ್ಕ ಕಬ್ಬಿಣ ಸಿಗೂದಿಲ್ಲ. ಎಳೆ ಎಲಿ ಹಳದಿಯಾಗಿ ನರ ಅಷ್ಟ ಹಸರ ಉಳದ್ರ ಅದ ಗುರುತು: ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಸಿಡ್ ಕಲಸಿ 10 ದಿನದ ಅಂತರದಾಗ ಎರಡ ಸರ್ತಿ ಹೊಡೀರಿ. ಹಳೇ ಎಲಿ ಮೊದಲ ಹಳದಿಯಾದ್ರ ಸಾರಜನಕ ಕಡಿಮಿ, ಅದಕ್ಕ ಗೊಬ್ಬರಾನ ಬೇಕು.