‘ಬೇ’ ಅಂದರೆ ಬೈಗುಳವಾ? ವಾರ್ಡಿನಲ್ಲಿ ನಮ್ಮನ್ನು ಕರೆಯುವ ಹೆಸರುಗಳು

ಕೇಳಿದವರು: ಹುಬ್ಬಳ್ಳಿಗೆ ಬಂದು ಮೂರು ತಿಂಗಳಾದ ಸ್ಟಾಫ್ ನರ್ಸ್

ನಾನು ಮೈಸೂರು ಕಡೆಯವಳು. ಬಿಎಸ್ಸಿ ನರ್ಸಿಂಗ್ ಮುಗಿಸಿ ಇಲ್ಲಿ ಒಂದು ಖಾಸಗಿ ಆಸ್ಪತ್ರೆ ಸೇರಿದ್ದೇನೆ. ಕೆಲಸಕ್ಕೆ ಒಗ್ಗಿದೆ, ಖಾರಕ್ಕೂ ಒಗ್ಗಿದೆ. ಜನ ಕರೆಯುವ ಹೆಸರುಗಳಿಗೆ ಮಾತ್ರ ಇನ್ನೂ ಒಗ್ಗಿಲ್ಲ. ಒಬ್ಬರು ‘ಬಾಯಾರ’ ಅಂತಾರೆ, ಇನ್ನೊಬ್ಬರು ‘ಏ ಸೂಜಿ’ ಅಂತಾರೆ. ಒಬ್ಬ ಅಜ್ಜ ಮಾತು ಮಾತಿಗೂ ‘ಬೇ’ ಅಂತಾರೆ. ಅದು ಹಿಂದಿಯ ‘ಅಬೇ’ ಅಂತಲೇ ಕೇಳಿಸಿ ಮೊದಲ ದಿನ ಬಾತ್‌ರೂಮಿಗೆ ಹೋಗಿ ಅತ್ತಿದ್ದೆ. ಮೊನ್ನೆ ರಾತ್ರಿ ಒಬ್ಬ ಪೇಶಂಟ್ ಕಡೆಯವನು ಎಲ್ಲರೆದುರು ‘ಏ ಐಟಂ, ಇಲ್ಲಿ ಬಾ’ ಅಂದ. ಸುತ್ತ ಇದ್ದವರು ನಕ್ಕರು. ನಾನೂ ಸುಮ್ನೆ ನಕ್ಕುಬಿಟ್ಟೆ. ಮನೆಗೆ ಹೋದ ಮೇಲೆ ನಿದ್ದೆ ಬರಲಿಲ್ಲ. ಯಾವುದಕ್ಕೆ ನಗಬೇಕು, ಯಾವುದಕ್ಕೆ ತಿರುಗಿ ಮಾತಾಡಬೇಕು? ನಿಮಗೆಲ್ಲ ಏನೇನು ಹೆಸರು ಬಂದಿವೆ, ಹೇಗೆ ನಿಭಾಯಿಸಿದಿರಿ, ದಯವಿಟ್ಟು ಹೇಳಿ.

ಉತ್ತರ: ಹುಬ್ಬಳ್ಳಿ, ಮೆಡಿಕಲ್ ವಾರ್ಡ್, 19 ವರ್ಷದ ಸರ್ವೀಸು

ತಂಗಿ, ಮೊದಲು ಆ ಅಜ್ಜನ ವಿಷಯ ಹೇಳಿಬಿಡುತ್ತೇನೆ. ‘ಬೇ’ ಬೈಗುಳ ಅಲ್ಲವೇ ಅಲ್ಲ. ನಮ್ಮ ಕಡೆ ಅವ್ವನಿಗೆ, ಅಕ್ಕನಿಗೆ, ಮಗಳಿಗೆ ಹಚ್ಚಿಕೊಂಡು ಮಾತಾಡುವಾಗ ‘ಬೇ’ ತಾನಾಗಿ ಬರುತ್ತದೆ. ‘ಊಟಾ ಆತೇನ ಬೇ?’ ಅಂದರೆ ಆ ಅಜ್ಜ ನಿನ್ನನ್ನು ಮನೆಯವರ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆ ಅಂತಲೇ ಅರ್ಥ. ನೀನು ಅತ್ತದ್ದು ಗೊತ್ತಾದರೆ ಅವರಿಗೇ ಸಂಕಟ ಆಗುತ್ತದೆ.

‘ಬಾಯಾರ’ ಅನ್ನುವುದೂ ಮರ್ಯಾದೆಯ ಮಾತು. ಸಾಲಿಗೆ, ಅಂದರೆ ಶಾಲೆಗೆ ಹೋದರೆ ಸಾಲಿ ಬಾಯಾರ, ದವಾಖಾನಿಗೆ ಬಂದರೆ ದವಾಖಾನಿ ಬಾಯಾರ. ಈ ‘ಬಾಯಿ’ ಮರಾಠಿ ಕಡೆಯಿಂದ ಬಂದದ್ದು. 1956ರವರೆಗೆ ನಮ್ಮ ಧಾರವಾಡ ಜಿಲ್ಲೆ ಮುಂಬೈ ರಾಜ್ಯದಲ್ಲೇ ಇತ್ತಲ್ಲ. ಗದಗ, ಹಾವೇರಿ ಕೂಡ 1997ರವರೆಗೆ ಇದೇ ಜಿಲ್ಲೆಯ ಒಳಗಿದ್ದವು. ಹಾಗಾಗಿ ಮೂರೂ ಕಡೆ ಈ ಮಾತು ಕೇಳುತ್ತೀ.

ಹೆಸರು ಏನೇ ಇರಲಿ, ಅದರ ಬಾಲ ಕೇಳು. ಕೊನೆಗೆ ‘ರೀ’ ಇದೆಯಾ, ‘ಲೇ’ ಇದೆಯಾ? ‘ಸೂಜಿ ಬಾಯಾರ, ಸ್ವಲ್ಪ ಮೆಲ್ಲಗ ಚುಚ್ರಿ’ ಅಂದರೆ ಹೆದರಿಕೆಯೂ ಇದೆ, ಮರ್ಯಾದೆಯೂ ಇದೆ. ನಕ್ಕುಬಿಡು. ‘ಏ ಸೂಜಿ, ಬಾರಲೇ’ ಅಂದರೆ ನಗಬೇಡ.

ನನಗೆ ಜಾಸ್ತಿ ಬಂದ ಹೆಸರು ‘ರಗತ ಹೀರಾಕಿ’. ಬೆಳಗಿನ ಆರು ಗಂಟೆಗೆ ಟ್ರೇ ಹಿಡಿದು ವಾರ್ಡಿನೊಳಗೆ ಕಾಲಿಟ್ಟರೆ ಸಾಕು, ‘ಬಂದ್ಲ ನೋಡ್ರಿ ರಗತ ಹೀರಾಕಿ!’ ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಒಬ್ಬ ತಾಯಿ ಮೆಲ್ಲಗೆ ಕೇಳಿದಳು, ‘ಬಾಯಾರ, ದಿನಾ ಇಷ್ಟ ರಗತ ಒಯ್ತೀರಿ, ಮಾರ್ತೀರೇನ್ರಿ?’ ಅಣಕವಲ್ಲ, ನಿಜವಾಗಿಯೂ ಕೇಳಿದಳು. ಆಗ ಗೊತ್ತಾಯಿತು, ಆ ಹೆಸರಿನ ಒಳಗೆ ಇರುವುದು ಭಯ. ಆವತ್ತಿನಿಂದ ನೇರಳೆ ಮುಚ್ಚಳದ ಟ್ಯೂಬನ್ನು ಅವರ ಕೈಗೇ ಕೊಟ್ಟು ತೋರಿಸುತ್ತೇನೆ. ‘ನೋಡ್ರಿ ಅವ್ವಾರ, ಚಾ ಚಮಚದ ಅರ್ಧ ಅಷ್ಟ. ಇದರಾಗ ನಿಮ್ಮ ಬಿಳಿ ಕಣ, ಪ್ಲೇಟ್ಲೆಟ್ ಎಣಿಸ್ತಾರ. ನಿನ್ನಿಗಿಂತ ಏರ್ಯಾವೋ ಇಳದಾವೋ ಗೊತ್ತಾಗಬೇಕಲ್ರಿ.’ ಡೆಂಗಿ ದಿನಗಳಲ್ಲಿ ಇದನ್ನು ಹೇಳದೆ ಒಂದು ಬೆಡ್ಡೂ ದಾಟಿಲ್ಲ. ಹೆಸರು ಪೂರ್ತಿ ಹೋಗಲಿಲ್ಲ, ಆದರೆ ಅದರ ವಿಷ ಹೋಯಿತು.

ಇನ್ನೊಂದು ಥರದ ಬೈಗುಳ ಇದೆ. ಅದನ್ನು ನೀನು ಕಲಿಯಲೇಬೇಕು. ನವಲಗುಂದ ಕಡೆಯ ಒಬ್ಬ ಹಿರಿಯರು, ಎಪ್ಪತ್ತರ ಮೇಲಿನವರು, ಸಕ್ಕರೆ ಕಾಯಿಲೆ, ಕಾಲಿಗೆ ಗಾಯ. ನಾಲ್ಕು ದಿನದಿಂದ ನನ್ನನ್ನು ‘ತಂಗೀ’ ಅಂತಲೇ ಕರೆಯುತ್ತಿದ್ದರು. ಐದನೇ ರಾತ್ರಿ ಎರಡು ಗಂಟೆಗೆ ಎದ್ದು ಕುಳಿತು ಕೂಗಲು ಶುರು ಮಾಡಿದರು. ‘ಲೇ ಬೋಳೀ, ನನ್ನ ಎತ್ತ ಎಲ್ಲಿ ಹೊಡಕೊಂಡ ಹೋದಿ?’ ವಾರ್ಡೆಲ್ಲ ಎದ್ದಿತು. ಮಗ ನಾಚಿಕೆಯಿಂದ ಅಪ್ಪನ ಬಾಯಿ ಮುಚ್ಚಲು ಹೋದ. ಯಾರೋ ಕೈ ಕಟ್ಟಿಹಾಕಿ ಅಂದರು. ನಾನು ಸಮಾಧಾನ ಮಾಡೋಣ ಅಂತ ಅವರ ಮುಂಗೈ ಹಿಡಿದೆ. ತಣ್ಣಗೆ, ತೊಪ್ಪೆಯಾಗಿತ್ತು. ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿತ್ತು. ಗ್ಲುಕೋಮೀಟರ್ ಹಚ್ಚಿದರೆ ರಕ್ತದ ಸಕ್ಕರೆ ಬರೀ 41. ಸಂಜೆ ಇನ್ಸುಲಿನ್ ಆಗಿತ್ತು. ರೊಟ್ಟಿ ಇಲ್ಲ ಅಂತ ಮುನಿಸಿಕೊಂಡು ಅನ್ನ ಮುಟ್ಟಿರಲಿಲ್ಲ. ಡ್ಯೂಟಿ ಡಾಕ್ಟರನ್ನು ಕರೆದು, ನರಕ್ಕೆ ಡೆಕ್ಸ್ಟ್ರೋಸ್ (ಸಕ್ಕರೆ ದ್ರಾವಣ) ಹೋದ ಹತ್ತು ನಿಮಿಷಕ್ಕೆ ಕಣ್ಣು ತಿಳಿಯಾದವು. ‘ಯಾಕ ತಂಗಿ, ಎಲ್ಲಾರೂ ಯಾಕ ನಿಂತೀರಿ?’ ಅಂದರು. ತಾವು ಏನು ಅಂದಿದ್ದೆವು ಅನ್ನುವುದು ಅವರಿಗೆ ನೆನಪೇ ಇರಲಿಲ್ಲ. ನಾನೂ ಹೇಳಲಿಲ್ಲ.

ಅದಕ್ಕೇ ಹೇಳುವುದು, ಯಾರಾದರೂ ಇದ್ದಕ್ಕಿದ್ದಂತೆ ಬೇರೆ ಥರ ಬೈಯಲು ಶುರು ಮಾಡಿದರೆ ನೊಂದುಕೊಳ್ಳುವ ಮೊದಲು ಸಕ್ಕರೆ ನೋಡು. 70ಕ್ಕಿಂತ ಕೆಳಗಿದ್ದರೆ ಕಡಿಮೆ, 54ರ ಕೆಳಗೆ ಅಪಾಯ. ಆಮೇಲೆ ಆಕ್ಸಿಜನ್ ನೋಡು, ಜ್ವರ ನೋಡು. ವಯಸ್ಸಾದವರಿಗೆ ಸೋಡಿಯಂ ಇಳಿದರೂ, ಮೂತ್ರದ ಸೋಂಕಾದರೂ ಹೀಗೆ ತಲೆ ತಪ್ಪುತ್ತದೆ. ಕುಡಿಯುವವರು ಅಡ್ಮಿಟ್ ಆದ ಎರಡು ಮೂರನೇ ದಿನಕ್ಕೆ ಕೈ ನಡುಗಿ, ಗೋಡೆ ಮೇಲೆ ಹುಳ ಕಂಡು, ಕೆಟ್ಟದಾಗಿ ಬೈಯುತ್ತಾರೆ. ದಾರೂ ನಿಂತದ್ದರ ಕಾಟ ಅದು. ತಡ ಮಾಡದೆ ಡಾಕ್ಟರಿಗೆ ತಿಳಿಸು.

ಉತ್ತರ: ಹಾವೇರಿ ಜಿಲ್ಲೆ, ಗಂಡು ನರ್ಸ್

ನಮ್ಮ ಪಾಡು ಬೇರೆ. ನನ್ನನ್ನು ಕಂಪೌಂಡರ್ ಅಂತಾರೆ, ವಾರ್ಡ್ ಬಾಯ್ ಅಂತಾರೆ, ಸ್ಟ್ರೆಚರ್ ತಳ್ಳಲು ಕರೆಯುತ್ತಾರೆ. ತಳ್ಳುವುದಕ್ಕೆ ನನಗೆ ಬೇಜಾರಿಲ್ಲ, ಆ ಕೆಲಸವೂ ದೊಡ್ಡದೇ. ಆದರೆ ಮೂರು ವರ್ಷ ನರ್ಸಿಂಗ್ ಡಿಪ್ಲೊಮಾ, ಅಂದರೆ ಜಿಎನ್‌ಎಂ ಓದಿ, ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿ ಬಂದವನು ನಾನು. ‘ಗಂಡ್ ಸಿಸ್ಟರ್’ ಅಂತ ಹುಡುಗರು ನಗುತ್ತಾರೆ. ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಈ ಮಾತು ಬಂದಿತ್ತು, ಅದು ನೋವು ಕೊಟ್ಟಿತು.

ಒಂದು ಹೆಸರು ಮಾತ್ರ ನನಗೆ ತುಂಬಾ ಇಷ್ಟ. ರಾಣೆಬೆನ್ನೂರು ಕಡೆಯ ಒಬ್ಬ ಅಜ್ಜಿಗೆ ಏನೆಂದು ಕರೆಯಬೇಕೋ ತಿಳಿಯದೆ, ‘ಸಿಸ್ಟರಣ್ಣಾ’ ಅಂದರು. ಡಿಸ್ಚಾರ್ಜ್ ಆಗುವವರೆಗೂ ಹಾಗೇ ಕರೆದರು. ಈಗ ನಮ್ಮ ಸ್ಟಾಫ್ ಎಲ್ಲ ಹಾಗೇ ಕರೆಯುತ್ತಾರೆ.

ನಾನು ಮಾಡುವುದು ಇಷ್ಟೇ. ಡ್ಯೂಟಿ ಶುರುವಾದಾಗ ಪ್ರತಿ ಬೆಡ್ಡಿಗೂ ಹೋಗಿ ನನ್ನ ಹೆಸರು ಹೇಳುತ್ತೇನೆ. ‘ರಾತ್ರಿ ಎಂಟರತನಕ ನಾ ಇರ್ತೇನ್ರಿ, ಏನ ಬೇಕಾದ್ರೂ ಹೆಸರ ಹಿಡದ ಕರೀರಿ.’ ಹೆಸರು ಗೊತ್ತಿಲ್ಲದವನನ್ನು ‘ಏಯ್’ ಅನ್ನುವುದು ಸುಲಭ. ಗೊತ್ತಾದ ಮೇಲೆ ಅಷ್ಟು ಸುಲಭವಲ್ಲ. ನಮ್ಮ ಬ್ಯಾಡ್ಜಿನಲ್ಲಿ ಹೆಸರು ಇಂಗ್ಲಿಷಿನಲ್ಲಿ, ಅದೂ ಸಣ್ಣಕ್ಷರದಲ್ಲಿ ಇರುತ್ತದೆ. ಅದರ ಕೆಳಗೆ ಬಿಳಿ ಪಟ್ಟಿ ಅಂಟಿಸಿ ಕನ್ನಡದಲ್ಲಿ ದಪ್ಪಗೆ ಬರೆದುಕೊಂಡಿದ್ದೇನೆ. ನೀವೂ ಮಾಡಿ ನೋಡಿ.

ಉತ್ತರ: ಗದಗ ಜಿಲ್ಲೆ, ಹೆರಿಗೆ ವಾರ್ಡ್

ಹೆರಿಗೆ ಕೋಣೆಯಲ್ಲಿ ಕೇಳಿದ ಹೆಸರು ಬರೆದರೆ ಒಂದು ಪುಸ್ತಕ ಆದೀತು. ತಾಟಕಿ, ಮಾರಿ, ಹಲ್ಕಟ್, ‘ನಿನ್ನ ಕೈಯಾಗ ಹುಳಾ ಬೀಳ್ಲಿ’. ಗರ್ಭಕೋಶದ ಬಾಯಿ ತೆರೆಯುವ ಹೊತ್ತಿಗೆ ನೋವಿನ ಮೇಲೆ ನೋವು ಬರುವಾಗ ಆಡಿದ ಮಾತಿಗೆ ಲೆಕ್ಕ ಇಡಬಾರದು. ಮಗು ಅತ್ತ ಕೂಡಲೇ ಅದೇ ಹೆಣ್ಣುಮಗಳು ನನ್ನ ಸೆರಗು ಹಿಡಿದು ‘ಅಕ್ಕಾರ, ತಪ್ಪ ತಿಳೀಬ್ಯಾಡ್ರಿ’ ಅಂತಾಳೆ.

ಆದರೆ ಇಲ್ಲಿ ಯಾರೂ ಹೇಳದ ಒಂದು ಮಾತು ನಾನು ಹೇಳಬೇಕು. ನಾವೂ ಬೈಯುತ್ತೇವೆ. ಹೆರಿಗೆ ಕೋಣೆಯಲ್ಲಿ ‘ಆಗ ಗೊತ್ತಾಗಲಿಲ್ಲೇನು, ಈಗ್ಯಾಕ ಒದರ್ತಿ’ ಅನ್ನುವ ಮಾತನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಹೊಸದರಲ್ಲಿ ನಾನೂ ಅಂದಿದ್ದೇನೆ. ಅದು ಈಗಲೂ ಕೊರೆಯುತ್ತದೆ. 2017ರಲ್ಲಿ ಶುರುವಾದ ‘ಲಕ್ಷ್ಯ’ ಯೋಜನೆಯ ತರಬೇತಿಯಲ್ಲಿ ಗೌರವದಿಂದ ಹೆರಿಗೆ ಮಾಡಿಸುವುದನ್ನು, ಜೊತೆಗೆ ಒಬ್ಬ ಹೆಂಗಸನ್ನು ಒಳಗೆ ಬಿಡುವುದನ್ನು ಹೇಳಿಕೊಟ್ಟರು. ಅವ್ವನೋ ಅಕ್ಕನೋ ತಲೆ ಹತ್ತಿರ ನಿಂತಿದ್ದರೆ ಬೈಗುಳ ಎರಡೂ ಕಡೆ ಕಡಿಮೆಯಾಗುತ್ತದೆ, ಇದು ನನ್ನ ಕಣ್ಣಾರೆ ಕಂಡದ್ದು. ‘14 ನಂಬರ್ ಬೆಡ್ಡಿನಾಕಿ’ ಅಂತ ನಾವು ಕರೆಯುತ್ತಾ, ಅವರು ನಮ್ಮನ್ನು ಹೆಸರಿಟ್ಟು ಕರೆಯಲಿ ಅಂದರೆ ಹೇಗೆ?

ಇನ್ನು ‘ಸೊಕ್ಕಿನಾಕಿ’. ಎಲ್ಲರಿಗೂ ಬಂದಿರುತ್ತದೆ ಇದು. ಕರೆದಾಗ ಬರಲಿಲ್ಲ ಅಂತ ಇಡುವ ಹೆಸರು. ಭಾರತೀಯ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಬೋಧನಾ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ 3 ರೋಗಿಗೆ ಒಬ್ಬ ನರ್ಸ್, ಬೇರೆ ಆಸ್ಪತ್ರೆಗಳಲ್ಲಿ 5ಕ್ಕೆ ಒಬ್ಬರು ಇರಬೇಕು. ನಾನು ಒಬ್ಬಳೇ 25 ಜನರನ್ನು ನೋಡಿದ ರಾತ್ರಿಗಳಿವೆ. ಒಂದು ಕಡೆ ರಕ್ತಸ್ರಾವ ಆಗುತ್ತಿರುವಾಗ ಇನ್ನೊಂದು ಕಡೆ ಸಲೈನ್ ಮುಗಿದಿರುತ್ತದೆ. ಅಲ್ಲಿಗೆ ತಡವಾಗಿ ಹೋದವಳು ಸೊಕ್ಕಿನಾಕಿ. ಈ ಹೆಸರಿಗೆ ನಾವು ಎಷ್ಟು ಸಿಹಿಯಾಗಿ ಮಾತಾಡಿದರೂ ಮದ್ದಿಲ್ಲ, ಜನ ಬೇಕು.

ಉತ್ತರ: ಶಿರಹಟ್ಟಿ ಕಡೆಯ ಹಳ್ಳಿಯಿಂದ, ಉಪಕೇಂದ್ರದ ಸಿಸ್ಟರ್

ಸರಕಾರ ನಮಗೆ ಈಗ ಉದ್ದನೆಯ ಹೆಸರು ಕೊಟ್ಟಿದೆ, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಊರಲ್ಲಿ ನಾನು ಇನ್ನೂ ‘ಡೋಸ್ ಹಾಕೋ ಅಕ್ಕ’. ಅದರಲ್ಲಿ ನನಗೆ ಸಂತೋಷವೇ ಇದೆ. ಒಂದೇ ಒಂದು ಬೇಡಿಕೆ, ತಾಯಂದಿರೇ, ಅಳುವ ಮಗುವಿಗೆ ‘ಸುಮ್ನಿರು, ಇಲ್ಲಂದ್ರ ಸಿಸ್ಟರ್ ಬಂದ ಸೂಜಿ ಚುಚ್ತಾಳ’ ಅನ್ನಬೇಡಿ. ನಮ್ಮನ್ನು ಗುಮ್ಮ ಮಾಡಿದರೆ ಐದು ವರ್ಷಕ್ಕೆ ಹಾಕುವ ಡಿಪಿಟಿ ಬೂಸ್ಟರ್ ಲಸಿಕೆಯ ದಿನ ಮಗು ಹಿತ್ತಲ ಬಾಗಿಲಿನಿಂದ ಓಡಿಹೋಗುತ್ತದೆ. ಓಡಿಹೋದ ಮಗುವನ್ನು ಹೊಲದ ಬದುವಿನ ತನಕ ಹುಡುಕಿಕೊಂಡು ಹೋಗಿದ್ದೇನೆ.

ಉತ್ತರ: ಧಾರವಾಡ, ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್

ಮಗಳೇ, ಎಲ್ಲರೂ ಒಳ್ಳೆಯ ಮಾತು ಹೇಳಿದ್ದಾರೆ. ಆದರೆ ನೀನು ಕೇಳಿದ ನಿಜವಾದ ಪ್ರಶ್ನೆ ‘ಐಟಂ’ ಅಂದವನದು. ಅದನ್ನು ಅಜ್ಜನ ‘ಬೇ’ ಜೊತೆ, ಹೆರಿಗೆ ನೋವಿನ ಬೈಗುಳದ ಜೊತೆ ಒಂದೇ ಬುಟ್ಟಿಗೆ ಹಾಕಬೇಡ. ಅವನಿಗೆ ಸಕ್ಕರೆ ಇಳಿದಿರಲಿಲ್ಲ, ನೋವೂ ಇರಲಿಲ್ಲ. ನೀನು ನಕ್ಕದ್ದು ತಪ್ಪಲ್ಲ. ಗಾಬರಿಯಾದಾಗ ಎಲ್ಲರಿಗೂ ಆ ನಗು ಬರುತ್ತದೆ. ಆ ನಗುವನ್ನು ಒಪ್ಪಿಗೆ ಅಂತ ಯಾರೂ ಹೇಳುವಂತಿಲ್ಲ.

ಮುಂದಿನ ಸಲ ಹತ್ತಿರ ಹೋಗಬೇಡ. ನಿಂತಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ, ದನಿ ಏರಿಸದೆ ಹೇಳು. ‘ನಾನು ಇಲ್ಲಿಯ ನರ್ಸ್. ಆ ಮಾತು ನನಗೆ ಅನ್ನಬೇಡಿ. ಪೇಶಂಟಿಗೆ ಏನು ಬೇಕು ಹೇಳಿ.’ ಮೂರೇ ವಾಕ್ಯ. ವಾದಕ್ಕೆ ಇಳಿಯಬೇಡ. ಕೂಡಲೇ ಇನ್‌ಚಾರ್ಜಿಗೆ ತಿಳಿಸು.

ಆಮೇಲೆ ಬರೆ. ನಮ್ಮ ಹುಡುಗಿಯರು ರಿಪೋರ್ಟಿನಲ್ಲಿ ‘ಪೇಶಂಟ್ ಕಡೆಯವರು ಅಸಭ್ಯವಾಗಿ ವರ್ತಿಸಿದರು’ ಅಂತ ಬರೆದು ಮುಗಿಸುತ್ತಾರೆ. ನಾಚಿಕೆಯಿಂದ ಆ ಮಾತನ್ನು ಬರೆಯುವುದಿಲ್ಲ. ನಾಚಬೇಕಾದವನು ಅವನು. ಅವನು ಅಂದ ಮಾತನ್ನು ಅಕ್ಷರ ಬಿಡದೆ ಬರೆ, ಗಂಟೆ ಬರೆ, ಯಾವ ಬೆಡ್ಡಿನ ಹತ್ತಿರ ಅಂತ ಬರೆ, ಯಾರು ಕೇಳಿಸಿಕೊಂಡರು ಬರೆ. ನನ್ನ ಸರ್ವೀಸಿನಲ್ಲಿ ನಿಂತ ದೂರುಗಳೆಲ್ಲ ಹೀಗೆ ಬರೆದವು.

ಹತ್ತು ಜನಕ್ಕಿಂತ ಕಡಿಮೆಯಿಲ್ಲದ ಯಾವುದೇ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕು. 2013ರ ಕಾನೂನು ಹಾಗೆ ಹೇಳುತ್ತದೆ. ಇಂಥ ಮಾತೂ ಅದರೊಳಗೆ ಬರುತ್ತದೆ. ಹೊರಗಿನಿಂದ ಬಂದವರಿಂದಲೂ ನಿಮ್ಮನ್ನು ಕಾಯುವ ಹೊಣೆ ಆಸ್ಪತ್ರೆಯದೇ. ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡು, ನಿನಗೆ ಇನ್ನೂ ಸಮಯ ಇದೆ. ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಂ ಇದೆ, ಪೊಲೀಸರ ಹತ್ತಿರವೂ ಹೋಗಬಹುದು. ಹೆದರಿಸಿದರೆ, ಕೆಲಸಕ್ಕೆ ಅಡ್ಡ ಬಂದರೆ, ಕೈ ಎತ್ತಿದರೆ ವೈದ್ಯಕೀಯ ಸಿಬ್ಬಂದಿ ಮೇಲಿನ ಹಿಂಸೆ ತಡೆಯುವ ಕರ್ನಾಟಕದ 2009ರ ಕಾಯ್ದೆ ಇದೆ. ಅದರಲ್ಲಿ ನರ್ಸುಗಳೂ ಸೇರಿದ್ದಾರೆ, ನರ್ಸಿಂಗ್ ವಿದ್ಯಾರ್ಥಿಗಳೂ ಸೇರಿದ್ದಾರೆ. ಜಾತಿ ಹಿಡಿದು ಬೈದರೆ ಅದಕ್ಕೆ ಬೇರೆಯೇ ಕಾನೂನಿದೆ. ಅಂಥ ಮಾತನ್ನು ಒಂದು ಸಲವೂ ನುಂಗಬೇಡಿ.

ಕೇಳಿದವರು:

ಎಲ್ಲರಿಗೂ ನಮಸ್ಕಾರ. ನಿನ್ನೆ ಇನ್‌ಚಾರ್ಜ್ ಅಕ್ಕನ ಎದುರು ಕೂತು, ಆ ಮಾತನ್ನು ಹಾಗೇ ಬರೆದು ಕೊಟ್ಟೆ. ಬರೆಯುವಾಗ ಕೈ ನಡುಗಿತು. ಅವತ್ತು ನಕ್ಕಿದ್ದ ಪಕ್ಕದ ಬೆಡ್ಡಿನ ಹೆಂಗಸೇ ‘ನಾನೂ ಕೇಳೇನ್ರಿ’ ಅಂತ ಹೆಬ್ಬೆಟ್ಟು ಒತ್ತಿದರು. ಆ ಮನುಷ್ಯನ ರಾತ್ರಿ ಪಾಸ್ ವಾಪಸ್ ತಗೊಂಡಿದ್ದಾರೆ. ದೂರು ಸಮಿತಿಗೆ ಹೋಗಿದೆ.

ಅಜ್ಜ ಇವತ್ತು ಡಿಸ್ಚಾರ್ಜ್ ಆದರು. ಬಾಗಿಲ ಹತ್ತಿರ ತಿರುಗಿ ‘ಬರ್ತೇನ ಬೇ’ ಅಂದರು. ‘ಹುಷಾರ್ರೀ ಅಜ್ಜಾರ, ಗುಳಗಿ ಮರೀಬ್ಯಾಡ್ರಿ’ ಅಂದೆ. ನನ್ನ ಮೈಸೂರು ಬಾಯಲ್ಲಿ ಅದು ಸರಿಯಾಗಿ ಬಂತೋ ಇಲ್ಲವೋ, ಅವರು ಮಾತ್ರ ಲಿಫ್ಟಿನವರೆಗೂ ನಗುತ್ತಲೇ ಹೋದರು.