ಉಬುಂಟುವಿನಲ್ಲಿ ಡಿಸ್ಕ್ ಇದ್ದಕ್ಕಿದ್ದ ಹಾಗೆ ರೀಡ್-ಓನ್ಲಿ ಆಗುತ್ತಿದೆ

ಪ್ರಶ್ನೆ:
ನಮಸ್ಕಾರ. ಮನೆಯ ಡೆಸ್ಕ್‌ಟಾಪ್‌ನಲ್ಲಿ ಉಬುಂಟು ಲಿನಕ್ಸ್ ಇದೆ, ಫೈಲ್‌ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆ) ಇಎಕ್ಸ್‌ಟಿ4. ಒಂದು ವಾರದಿಂದ ಕೆಲಸದ ಮಧ್ಯೆ ‘ರೀಡ್-ಓನ್ಲಿ ಫೈಲ್ ಸಿಸ್ಟಮ್’ ಅಂತ ಬರುತ್ತದೆ, ಒಂದು ಫೈಲೂ ಸೇವ್ ಆಗುವುದಿಲ್ಲ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ, ಎರಡು ದಿನಕ್ಕೆ ಮತ್ತೆ ಅದೇ ಕಥೆ. ಲಾಗ್ ಫೈಲ್ ತೆಗೆದು ನೋಡಿದೆ, ಆ ಹೊತ್ತಿನದು ಏನೂ ಇಲ್ಲ. ಮಗಳ ಪ್ರಾಜೆಕ್ಟ್, ಹತ್ತು ವರ್ಷದ ಫೋಟೋ ಎಲ್ಲಾ ಇದರಲ್ಲೇ ಇದೆ. ಫಾರ್ಮ್ಯಾಟ್ ಮಾಡಲೇಬೇಕಾ?

ಉತ್ತರ:
ಬೇಡ ಸರ್. ಮೊದಲು ಫೋಟೋ, ಪ್ರಾಜೆಕ್ಟ್ ಎಲ್ಲಾ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ರೀಡ್-ಓನ್ಲಿ ಆದಾಗಲೂ ಓದುವುದಕ್ಕೆ ಅಡ್ಡಿಯಿಲ್ಲ ಅಲ್ವಾ.

ಇದು ಕರ್ನಲ್, ಅಂದರೆ ಉಬುಂಟುವಿನ ತಿರುಳು ಪ್ರೋಗ್ರಾಂ, ಬೇಕಂತಲೇ ಮಾಡುವ ಕೆಲಸ. ಬರೆಯುವಾಗ ಏನೋ ತಪ್ಪು ಕಂಡಿದೆ, ಇನ್ನಷ್ಟು ಹಾಳಾಗದಿರಲಿ ಅಂತ ಬರೆಯುವುದನ್ನೇ ನಿಲ್ಲಿಸಿದೆ. ಅದಕ್ಕೇ ರಿಮೌಂಟ್ ಮಾಡಿ (ಡಿಸ್ಕನ್ನು ಸಿಸ್ಟಮ್‌ಗೆ ಮತ್ತೆ ಜೋಡಿಸಿ) ಬಲವಂತವಾಗಿ ಬರೆಸಲು ಹೋಗಬೇಡಿ.

ಲಾಗ್ ಸಿಗದಿರುವುದು ಸಹಜ. ಡಿಸ್ಕ್‌ಗೆ ಬರೆಯಲು ಆಗದ ಮೇಲೆ ಲಾಗ್ ಮಾತ್ರ ಎಲ್ಲಿ ಕೂರಬೇಕು? ಮೆಮೊರಿಯಲ್ಲಿ ಇದ್ದದ್ದು ರೀಸ್ಟಾರ್ಟ್ ಆದ ಕೂಡಲೇ ಹೋಗುತ್ತದೆ. ಮುಂದಿನ ಸಲ ರೀಸ್ಟಾರ್ಟ್‌ಗೆ ಮುಂಚೆ ಕರ್ನಲ್‌ನ ಸಂದೇಶಗಳನ್ನು ತೋರಿಸುವ dmesg ಕಮಾಂಡ್ ಕೊಟ್ಟು, ಬಂದದ್ದನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಇಎಕ್ಸ್‌ಟಿ4 ಎರರ್ ಸಾಲಿಗಿಂತ ಅದರ ಮೇಲಿನ ಸಾಲುಗಳು ಮುಖ್ಯ. ಜೊತೆಗೆ ಸ್ಮಾರ್ಟ್ ರಿಪೋರ್ಟ್‌ನಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) 5, 197, 199 ನಂಬರಿನ ಮೂರು ಸಾಲು ಇಲ್ಲಿ ಹಾಕಿ.

ಫೈಲ್‌ಸಿಸ್ಟಮ್ ಪರೀಕ್ಷಿಸಿ ರಿಪೇರಿ ಮಾಡುವ ಎಫ್‌ಎಸ್‌ಸಿಕೆ (fsck) ಕಮಾಂಡ್ ಈಗಲೇ ಬೇಡ. ಡಿಸ್ಕೇ ಹೋಗುತ್ತಿದ್ದರೆ ರಿಪೇರಿ ಮಾಡಲು ಹೋಗಿ ಇರುವುದೂ ಹಾಳಾಗುತ್ತದೆ.

ಪ್ರಶ್ನೆ ಕೇಳಿದವರು:
ಕಾಪಿ ಮುಗಿಯಿತು. ನಿನ್ನೆ ರಾತ್ರಿ ಮತ್ತೆ ಆಯಿತು. ಮೇಲಿನ ಸಾಲುಗಳಲ್ಲಿ ‘ಐಸಿಆರ್‌ಸಿ ಎಬಿಆರ್‌ಟಿ’ ಅಂತ ನಾಲ್ಕಾರು ಸಲ ಇದೆ. 5 ಮತ್ತು 197ರ ಮುಂದೆ ಸೊನ್ನೆ. 199ರ ಮುಂದೆ 1847!

ಉತ್ತರ:
ಹಾಗಾದರೆ ಡಿಸ್ಕ್ ಬಹುತೇಕ ಚೆನ್ನಾಗಿದೆ ಸರ್, ಸಮಾಧಾನ ಮಾಡಿಕೊಳ್ಳಿ. 5 ಮತ್ತು 197 ಕೆಟ್ಟ ಸೆಕ್ಟರ್‌ಗಳ ಲೆಕ್ಕ. 199 ಮಾತ್ರ ಡಿಸ್ಕ್‌ಗೂ ಮದರ್‌ಬೋರ್ಡ್‌ಗೂ ನಡುವಿನ ದಾರಿಯಲ್ಲಿ ಕೆಟ್ಟ ಡೇಟಾದ್ದು. ‘ಐಸಿಆರ್‌ಸಿ’ ಹೇಳುವುದೂ ಅದನ್ನೇ. ಜಾಸ್ತಿ ಸಲ ಇವೆರಡನ್ನು ಜೋಡಿಸುವ ಸಾಟಾ ಕೇಬಲ್ಲೇ ಕಾರಣ. ಬದಲಾಯಿಸಿ. ಆಮೇಲೆ ಲೈವ್ ಯುಎಸ್‌ಬಿಯಿಂದ (ಉಬುಂಟು ನೇರವಾಗಿ ಓಡುವ ಪೆನ್‌ಡ್ರೈವ್) ಬೂಟ್ ಮಾಡಿ, ಡಿಸ್ಕ್ ಮೌಂಟ್ ಮಾಡದೆ ಎಫ್‌ಎಸ್‌ಸಿಕೆ ಓಡಿಸಿ. ಮೌಂಟ್ ಆಗಿರುವಾಗ ದಯವಿಟ್ಟು ಬೇಡ. ಆ 1847 ಕಡಿಮೆಯಾಗುವುದಿಲ್ಲ, ಏರದಿದ್ದರೆ ಸಾಕು.

ಪ್ರಶ್ನೆ ಕೇಳಿದವರು:
ಕೇಬಲ್ ತೆಗೆದು ನೋಡಿದರೆ ಕ್ಲಿಪ್ ಮುರಿದಿತ್ತು, ಕ್ಯಾಬಿನೆಟ್ ಬಾಗಿಲು ಒತ್ತಿ ಒತ್ತಿ ಬುಡದಲ್ಲೇ ಮಡಚಿಕೊಂಡಿತ್ತು. ಹೊಸದು ಹಾಕಿ ಎಫ್‌ಎಸ್‌ಸಿಕೆ ಮಾಡಿಸಿದೆ. ಇವತ್ತು 40 ಜಿಬಿ ಕಾಪಿ ಮಾಡಿದೆ. ಇನ್ನೂ 1847ರಲ್ಲೇ ನಿಂತಿದೆ. ತುಂಬಾ ಉಪಕಾರವಾಯಿತು ಸರ್.